ಚಕ್ರವರ್ತಿಯ ಬೆಳ್ಳಿಗಣ್ಣು

ಗಾಳಿಯ ಮರ್ಜಿ ನೋಡಿಕೊಂಡು ಹಡಗುಗಳು ಹೊರಡುತ್ತಿದ್ದ ಕಾಲದಲ್ಲಿ, ಪಡುವಣ ಕಡಲಿನಾಚೆಯ ರೋಮಾಪುರಿಯನ್ನು ವರೋನಸ್ ಎಂಬ ಚಕ್ರವರ್ತಿ ಆಳುತ್ತಿದ್ದ. ಅರಮನೆಯಲ್ಲಿ ಎಲ್ಲವೂ ಇತ್ತು, ನಂಬಿಕೆಯೊಂದನ್ನು ಬಿಟ್ಟು. ಬೆನ್ನ ಹಿಂದೆ ಜನ ತನ್ನನ್ನು ನೋಡಿ ನಗುತ್ತಾರೆಂಬ ಅನುಮಾನ ಅವನನ್ನು ತಿನ್ನುತ್ತಿತ್ತು. ಮಾಗೋನ್ ಎಂಬ ಮಾಂತ್ರಿಕ ಉಪಾಯ ಹೇಳಿಕೊಟ್ಟ. ಅದರಂತೆ ಚಕ್ರವರ್ತಿ ತನ್ನ ಕಣ್ಣುಗಳ ಬೆಳಕನ್ನು ಬೆಳ್ಳಿಗೆ ಧಾರೆಯೆರೆದ. ಅಂದಿನಿಂದ ಅವನ ಸ್ವಂತ ಕಣ್ಣು ಕುರುಡಾಯಿತು. ಬೆಳ್ಳಿ ನಾಣ್ಯದ ಮೇಲಿನ ತನ್ನ ಚಿತ್ರದ ಕಣ್ಣಿನಿಂದ ಅವನು ಮನೆಮನೆಯನ್ನೂ ನೋಡತೊಡಗಿದ.

ಆ ಚಿತ್ರವನ್ನು ಕಬ್ಬಿಣದ ಅಚ್ಚಿನಲ್ಲಿ ಕೊರೆಯುತ್ತಿದ್ದವಳು ಟಂಕಸಾಲೆಯ ಪ್ರಿಸ್ಕಾ. ಒಂದು ದಿನ ಊಟಕ್ಕೆ ಕೂತಾಗ ಅವಳ ಗಂಡ ರೂಫಸ್ ನಾಣ್ಯವನ್ನು ಎದುರಿಗಿಟ್ಟುಕೊಂಡು, ಬೆರಳಿನಿಂದ ಮೂಗನ್ನು ಮೇಲೆತ್ತಿ, ಚಕ್ರವರ್ತಿಯಂತೆ ಮುಖ ಮಾಡಿ ನಕ್ಕ. ಸಂಜೆಯೊಳಗೆ ಸೈನಿಕರು ಬಂದು ಅವನನ್ನು ಬೆಳ್ಳಿಗಣಿಗೆ ಎಳೆದೊಯ್ದರು. ಅವಳೂ ನಕ್ಕಿದ್ದಳು. ಅವಳ ಕೈಕೆಲಸ ಬೇಕಾಗಿದ್ದರಿಂದ ಅವಳನ್ನು ಬಿಟ್ಟರು.

"ರಾಜಧಾನಿಗೆ ಹೊಸ ಅಚ್ಚು ಮಾಡು, ಗಂಡನನ್ನು ಬಿಡುತ್ತೇನೆ" ಎಂದ ಚಕ್ರವರ್ತಿ. ಮಾಡಿದಳು. ರೂಫಸ್ ಬರಲಿಲ್ಲ.

"ದಂಡಿನ ಪಾಳೆಯಗಳಿಗೊಂದು ಮಾಡು, ಬಿಡುತ್ತೇನೆ" ಎಂದ. ಮಾಡಿದಳು. ಆಗಲೂ ಬರಲಿಲ್ಲ.

"ಕಟ್ಟಕಡೆಯ ಹಳ್ಳಿಗೂ ಮುಟ್ಟುವಂಥದ್ದೊಂದು ಮಾಡು. ಇದೇ ಕೊನೆ" ಎಂದ.

ಪ್ರಿಸ್ಕಾ ಮೂರನೆಯ ಅಚ್ಚಿಗೆ ಕೂತಳು. ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಕೊರೆಯುವುದು ಟಂಕಸಾಲೆಯ ಪದ್ಧತಿ. ಅಚ್ಚು ಕೆಟ್ಟರೆ ಕೊರೆದವರ ಹೆಬ್ಬೆರಳನ್ನು ಕತ್ತರಿಸುತ್ತಿದ್ದರು. ಅವಳು ಕಣ್ಣಿಗೆ ಉಳಿ ಇಟ್ಟ ಗಳಿಗೆಯಲ್ಲೇ ಮಾಗೋನ್ ಬಾಗಿಲಲ್ಲಿ ನಿಂತು, "ನಿನ್ನ ಗಂಡ ರಕ್ತ ಕಾರುತ್ತಿದ್ದಾನಂತೆ ಕಣಮ್ಮ, ಬೇಗ ಮುಗಿಸು" ಎಂದ. ಅವಳ ಕೈ ತಪ್ಪಿ ಉಳಿ ಆಳಕ್ಕೆ ಇಳಿಯಿತು. ಅಚ್ಚು ಕೆಟ್ಟಿತು ಎಂದುಕೊಂಡಳು. ಬಾಯಿ ಬಿಡದೆ ಹಾಗೇ ಒಪ್ಪಿಸಿದಳು.

ಅಚ್ಚಿನಲ್ಲಿ ಆಳವಾದದ್ದು ನಾಣ್ಯದಲ್ಲಿ ಎದ್ದು ನಿಲ್ಲುತ್ತದೆ. ಉಬ್ಬಿದ ಆ ಕಣ್ಣಿನಿಂದ ನೋಟ ಮೊದಲಿಗಿಂತ ದೂರ ಹೋಯಿತು. ಚಕ್ರವರ್ತಿ ಹಿಗ್ಗಿಹೋಗಿ, ಹಳೆಯ ನಾಣ್ಯಗಳನ್ನೆಲ್ಲ ಕರಗಿಸಿ ಇದೇ ಅಚ್ಚಿನಲ್ಲಿ ಹೊಡೆಯಿರಿ ಎಂದ. ಹಳ್ಳಿಹಳ್ಳಿಗೂ ಸಾಲುವಷ್ಟು ಬೆಳ್ಳಿ ಇರಲಿಲ್ಲ. ಮಾಗೋನ್ ತಾಮ್ರದ ಬಿಲ್ಲೆಗಳಿಗೆ ಬೆಳ್ಳಿಯ ತೆಳು ಲೇಪ ಕೊಡಿಸಿದ. ಅರಸನ ನೋಟಕ್ಕೆ ಅಷ್ಟು ಬೆಳ್ಳಿಯೇ ಸಾಕಾಗಿತ್ತು.

ಊರು ಮೂಕವಾಯಿತು. ಮದುವೆ ಮನೆಯಲ್ಲೂ ಜನ ತಲೆ ತಗ್ಗಿಸಿ ಉಂಡರು. ರೂಫಸ್ ಬರಲೇ ಇಲ್ಲ. ಪ್ರಿಸ್ಕಾ ಅವನ ತಟ್ಟೆಯನ್ನು ದಿನವೂ ತೊಳೆದಿಡುತ್ತಿದ್ದಳು.

ನಾಣ್ಯಗಳು ಸಂತೆಯಿಂದ ಸಂತೆಗೆ, ಕೈಯಿಂದ ಕೈಗೆ ತಿರುಗಿದವು. ಎದ್ದು ನಿಂತದ್ದು ಮೊದಲು ಸವೆಯುತ್ತದೆ. ಒಂದು ದಿನ ಪ್ರಿಸ್ಕಾ ಕೈಗೆ ಬಂದ ನಾಣ್ಯದಲ್ಲಿ ಮೂಗು, ಗಲ್ಲ ಬೆಳ್ಳಗಿದ್ದವು. ಕಣ್ಣಿನ ಜಾಗದಲ್ಲಿ ಕೆಂಪು ತಾಮ್ರ ಕಂಡಿತು. ಬೆಳ್ಳಿ ಸವೆದ ಕಣ್ಣಿಗೆ ನೋಟವಿಲ್ಲ; ತನ್ನ ಕೈತಪ್ಪು ಏನು ಮಾಡಿದೆಯೆಂದು ಅವಳಿಗೆ ಹೊಳೆಯಿತು. ಅಂದಿನಿಂದ ಕೈಗೆ ಬಂದ ಪ್ರತಿ ನಾಣ್ಯವನ್ನೂ ಹೆಬ್ಬೆರಳಿನಿಂದ ಉಜ್ಜಿಯೇ ಮುಂದೆ ಕೊಟ್ಟಳು. ಪಕ್ಕದ ಮನೆಯವಳು ನೋಡಿ ತಾನೂ ಉಜ್ಜಿದಳು. ಬೀದಿಯೆಲ್ಲ ಉಜ್ಜಿತು.

ಅರಮನೆಯಲ್ಲಿ ವರೋನಸ್ "ದೀಪ ತನ್ನಿ" ಎಂದು ಕೂಗಿದ. ಅದು ನಡುಹಗಲು. ಮಾಗೋನ್‌ನ ಪ್ರಾಣ ಅದೇ ಮಾಟದಲ್ಲಿತ್ತು. ಕೊನೆಯ ಕಣ್ಣು ಸವೆದಾಗ ಅವನು ಕಿಲುಬು ಹಿಡಿದ ತಾಮ್ರದ ಮುದ್ದೆಯಾಗಿ ಬಿದ್ದ. ಕುರುಡನ ನೋಟಕ್ಕೆ ಇನ್ನು ಹೆದರುವವರು ಯಾರು? ಕಾವಲುಗಾರರೇ ಗಣಿಯ ಬಾಗಿಲು ತೆರೆದರು.

ಹೊರಬಂದವರು ಕಡಿಮೆ. ಅವರಲ್ಲಿ ರೂಫಸ್ ಇದ್ದ, ಬೆನ್ನು ಬಾಗಿತ್ತು. ಮನೆಗೆ ಬಂದು ತಟ್ಟೆಯ ಮುಂದೆ ಕೂತವನು ಅಲ್ಲಿದ್ದ ನಾಣ್ಯವನ್ನು ಕಂಡು ಮುಖ ಮುಚ್ಚಿಕೊಂಡ.

"ಹೆದರಬೇಡಿ, ಇಲ್ಲಿ ನೋಡಿ" ಎಂದು ಪ್ರಿಸ್ಕಾ ಬೆರಳಿನಿಂದ ತನ್ನ ಮೂಗನ್ನು ಮೇಲೆತ್ತಿದಳು.

ಅವನು ಮುಖದಿಂದ ಕೈ ತೆಗೆದು ಅವಳನ್ನು ನೋಡಿದ. ಆಮೇಲೆ ಕೆಮ್ಮುತ್ತ, ಅಳುತ್ತ, ನಕ್ಕ. ಆ ನಗು ಗೋಡೆಯಾಚೆ ಕೇಳಿ ಪಕ್ಕದ ಮನೆಯಲ್ಲೂ ಯಾರೋ ನಕ್ಕರು. ಬದುಕಿ ಬಂದವರು ಮುಂದೆ ಸುಖವಾಗಿಯೇ ಬಾಳಿದರು. ಪ್ರಿಸ್ಕಾಳ ಹೆಬ್ಬೆರಳು ಮಾತ್ರ, ಮುದುಕಿಯಾದ ಮೇಲೂ, ಕೈಗೆ ಬಂದ ನಾಣ್ಯವನ್ನು ಉಜ್ಜುವುದನ್ನು ಬಿಡಲಿಲ್ಲ.