ಐದು ಗಂಟೆಯ ಕಣಕುಂಬಿ ಬಸ್ಸು

“ನಮ್ಮ ರಸಿಕಾನ್ನ ಗಣಿತದ ವಿಶೇಷ ಕ್ಲಾಸಿನಿಂದ ಬಿಡಸ್ರಿ, ಮೇಡಮ್.”

ಖಾನಾಪುರದ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವನನ್ನು ಸುಲಭಾ ದಿಟ್ಟಿಸಿ ನೋಡಿದಳು. ಅದು ಎರಡು ಸಾವಿರದ ಇಸವಿಯ ಜುಲೈ. ಪಿಯುಸಿ ಎರಡನೇ ವರ್ಷದಲ್ಲಿ ಸಿಇಟಿ ಬರೆಯುವವರಿಗೆಂದು ಅವಳು ಆ ಸಂಜೆಯಿಂದಲೇ ಕ್ಲಾಸು ಶುರುಮಾಡಲಿದ್ದಳು. ಹೆಸರು ಕೊಟ್ಟವರಲ್ಲಿ ರಸಿಕಾಳೇ ಚುರುಕು. ಅವಳಣ್ಣ ಅವಧೂತ ಈಗ ಅಡ್ಡಗಾಲು ಹಾಕಲು ಬಂದಿದ್ದಾನೆ…

“ಯಾಕ್ರಿ? ಮದವಿ ಗೊತ್ತಾತೇನು?”

“ಹಂಗಲ್ರಿ, ನಮ್ಮೂರಿಗೆ…”

“ನಿಮ್ಮೂರಿನ ಮಾತು ಬ್ಯಾಡ್ರಿ. ತಂಗಿ ಇಂಜಿನಿಯರ್ ಆದ್ರ ನಿಮ್ಮ ಮಾತು ಕೇಳೂದಿಲ್ಲಂತ ಅಂಜಿಕಿ ನಿಮಗ. ಇಂಥವರನ್ನ ಭಾಳ ಮಂದಿ ನೋಡೀನಿ.”

ಅವನ ಮುಖ ಬಾಡಿತು. ಕೈಮುಗಿದು ಹೊರಟುಹೋದ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಇನ್ನೇನಾದೀತು?

ಗಣಿತ ಬಿಡಲಾರದೆ ರಸಿಕಾ ಕ್ಲಾಸಿಗೆ ಕುಳಿತೇಬಿಟ್ಟಳು. ಪಾಠ ಮುಗಿಸಿ ಬೆಳಗಾವಿ ಬಸ್ಸಿಗೆಂದು ನಿಲ್ದಾಣಕ್ಕೆ ಬಂದ ಸುಲಭಾ, ಬೆಂಚಿನ ಮೇಲೆ ಅಳುತ್ತ ಕುಳಿತ ರಸಿಕಾಳನ್ನು ಕಂಡಳು.

“ನಮ್ಮೂರು ಕಣಕುಂಬಿಗೆ ಕಡೀ ಬಸ್ ಐದಕ್ಕ ಹೋಗತೈತ್ರಿ. ನಾ ಬರಲಿಲ್ಲಂತ ಅಣ್ಣಾನೂ ಬಸ್ಸಿಂದ ಇಳದಾನ. ಜೀಪು ಹುಡಕಾಕ ಹೋಗ್ಯಾನ.”

ಸುಲಭಾ ಬೆಳಗಾವಿಯ ಖಾಸಬಾಗದಲ್ಲಿ ಹುಟ್ಟಿ ಬೆಳೆದವಳು. ಯಾವಾಗ ಬೇಕೆಂದರೆ ಆವಾಗ ಗಾಡಿ ಸಿಗುವ ಊರಿನವಳಿಗೆ ಕಡೆಯ ಬಸ್ಸಿನ ಯೋಚನೆಯೇ ಬಂದಿರಲಿಲ್ಲ. ದೇವರೇ, ಎಂಥ ಮಾತಾಡಿಬಿಟ್ಟೆ!

ಅಷ್ಟರಲ್ಲಿ ಅವಧೂತ ಬಂದ.

“ಮೊದಲ ಹೇಳಬಾರದಿತ್ತೇನ್ರಿ?” ಎಂದಳು ಸುಲಭಾ.

“ಹೇಳಾಕ ಎಲ್ಲಿ ಬಿಟ್ರಿ?” ಎಂದ ಮೆಲ್ಲಗೆ. “ನಾನೂ ಇದ ಬಸ್ಸಿನ ಸಲುವಾಗಿ ಗಣಿತ ಬಿಟ್ಟಾಂವ. ಆ ಸಂಕಟ ನನಗ ಗೊತ್ತೈತ್ರಿ.”

“ತಪ್ಪಾತ್ರಿ,” ಎಂದಳು ತಲೆತಗ್ಗಿಸಿ. “ನಾಳಿಂದ ಕ್ಲಾಸು ಮಧ್ಯಾಹ್ನ, ಊಟದ ಹೊತ್ತಿನ್ಯಾಗ.”

ಅಂದಿನಿಂದ ಸುಲಭಾಳ ಊಟದ ಹೊತ್ತು ಗಣಿತಕ್ಕೇ ಹೋಯಿತು. ಕ್ಲಾಸು ಮುಗಿದ ಮೇಲಾದರೂ ಮೇಡಮ್ ಉಣ್ಣಲೆಂದು ಕಣಕುಂಬಿಯಿಂದ ಡಬ್ಬಿ ಬರತೊಡಗಿತು: ನಾಚಣಿ ಭಕ್ರಿಯೆಂಬ ರಾಗಿ ರೊಟ್ಟಿ, ಬೆಳ್ಳುಳ್ಳಿ ಚಟ್ನಿ. ಕೆಲವು ದಿನ ಅದನ್ನು ಅವಧೂತನೇ ತರುತ್ತಿದ್ದ. ಆ ದಿನ ಮೇಡಮ್ಮರ ಲೆಕ್ಕವೇ ತಪ್ಪುತ್ತಿತ್ತು ಅನ್ನಿ! ಆದರೆ ಹುಡುಗಿಯ ಓದಿನ ನಡುವೆ ಊರ ಬಾಯಿಗೆ ಬೀಳುವುದು ಬೇಡವೆಂದು ಇಬ್ಬರೂ ಮಾತು ನುಂಗಿಕೊಂಡರು.

ಮರುವರ್ಷ ರಸಿಕಾಳಿಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅವಧೂತ ಬಾಯಿ ಸಿಹಿಮಾಡಲು ಕುಂದಾ ಹಿಡಿದು ಬಂದ. ಸುಲಭಾಳಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಇನ್ನು ಇವನು ಬರಲು ಕಾರಣವೇನಿದೆ…

ಇಬ್ಬರೂ ನಿಲ್ದಾಣದವರೆಗೆ ನಡೆದರು. ಕಣಕುಂಬಿ ಬಸ್ಸು ಅವರೆದುರೇ ಹೊರಟಿತು. ಅವನು ಅಲುಗಲಿಲ್ಲ.

“ಕಡೀ ಬಸ್ ಹೋತಲ್ರಿ!”

“ಬೇಕಂತ ಬಿಟ್ಟೀನ್ರಿ. ಅವತ್ತ ನನ್ನ ಮಾತು ಅರ್ಧಕ್ಕ ನಿಂತಿತ್ತು. ಇವತ್ತರ ಪೂರಾ ಹೇಳಗೊಡ್ರಿ.”

ಅವಳು ಬೆಂಚಿನ ಮೇಲೆ ಜಾಗ ಮಾಡಿದಳು. “ಕುಂದರ್ರಿ. ನಡುವ ಬಾಯಿ ಹಾಕೂದಿಲ್ಲ.”

“ನಿಮ್ಮನ್ನ ನೋಡದ ನನಗ ದಿನಾ ಹೋಗೂದಿಲ್ರಿ. ನಮ್ಮನಿಗೆ ಬರ್ತೀರೇನು… ಕಾಯಂ?”

ಸುಲಭಾಳ ಕಣ್ಣು ತುಂಬಿ ಬಂದವು.

“ಏನರ ಅನ್ರಿ,” ಎಂದ ಅವನು.

“ಕಣಕುಂಬಿಗೆ ಮುಂಜಾನಿ ಮೊದಲನೇ ಬಸ್ ಎಷ್ಟಕ್ಕ ಐತ್ರಿ?” ಎಂದಳು ಕಣ್ಣೊರೆಸಿಕೊಳ್ಳುತ್ತ. “ಈ ಸಲ ಮೊದಲ ಕೇಳಿಕೊಂಡಿರ್ತೀನಿ.”