ಬೇರೆ ಅಂಗಡಿಯ ಜರೀಗಿಡ

"ಇದರಲ್ಲಿ ಬೀಜವೇ ಇಲ್ಲ, ಬರೀ ಧೂಳಿದೆ. ಹೀಗೆ ಮಾರೋಕೆ ನಾಚಿಕೆ ಆಗಲ್ವೇನ್ರೀ?"

ಜರೀಗಿಡದ ಪೊಟ್ಟಣ ಹಿಡಿದು ನರ್ಸರಿಯ ಗಲ್ಲಾದ ಮುಂದೆ ನಿಂತು ಅವಳು ಕೇಳಿದ ರಭಸಕ್ಕೆ ಕುಂಡ ಆರಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಅವಳದು. ದಿನವಿಡೀ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆಯುವವಳಿಗೆ, ತಪ್ಪು ಕಂಡರೆ ಸುಮ್ಮನಿರುವುದು ಗೊತ್ತಿರಲಿಲ್ಲ.

ನರ್ಸರಿಯವನು ಮಣ್ಣಿನ ಕೈ ಒರೆಸಿಕೊಳ್ಳುತ್ತ ಬಂದ. ಪೊಟ್ಟಣದ ಕಂದು ಪುಡಿಯನ್ನು ಚೂರು ಬಿಳಿ ಹಾಳೆಯ ಮೇಲೆ ತಟ್ಟಿದ.

"ಮೇಡಂ, ಜರೀಗಿಡ ಹೂ ಬಿಡಲ್ಲ, ಬೀಜಾನೂ ಇರಲ್ಲ. ಎಲೆ ಹಿಂದೆ ಈ ಪುಡಿ ಇರುತ್ತೆ, ಬೀಜಕ ಅಂತಾರೆ. ಇದನ್ನೇ ಬಿತ್ತೋದು."

ಯಾರೋ ಕಿಸಕ್ಕೆಂದರು. ಗಲ್ಲಾದಲ್ಲಿದ್ದ ಅವನ ಅಕ್ಕ ನಕ್ಕಳು. ತುಟಿ ಕಚ್ಚಿಕೊಂಡರೂ ಅವನೂ ನಕ್ಕುಬಿಟ್ಟ.

ಅವಳ ಕಿವಿ ಸುಟ್ಟಂತಾಯಿತು. ಪೊಟ್ಟಣ ಕಿತ್ತುಕೊಂಡು ಹೊರಬಿದ್ದಳು.

ಮಾನ ಹೋಯಿತಲ್ಲ... ಹೇಗಾದರೂ ಬೆಳೆಸಿ ಇವನ ಮುಂದೆ ಇಡುತ್ತೇನೆ.

ಮಣ್ಣಿಗೆ ಕುದಿನೀರು ಹೊಯ್ದಳು. ಅದು ಆರಿದ ಮೇಲೆ ಪುಡಿ ಉದುರಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಿಸಿಲು ಬೀಳದ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಆರು ವಾರಕ್ಕೆ ಮಣ್ಣಿನ ಮೇಲೆ ಹಸಿರು ಪೊರೆಯೊಂದು ಕಟ್ಟಿತು.

"ಪಾಚಿ ಹಿಡೀತು ಕಣೇ. ಬಿಸಾಕು," ಎಂದಳು ಅಮ್ಮ.

ಅವಳು ಚಮಚದಿಂದ ಕೆರೆದು ಬಿಸಾಡಿದಳು. ಸೋತೆನೆಂದು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ಊರಿನ ಆಚೆ ತುದಿಯ ಅಂಗಡಿಯೊಂದಕ್ಕೆ ಹೋಗಿ ಗೇಣುದ್ದದ ಜರೀಗಿಡ ಕೊಂಡಳು. ಮನೆಯ ಕುಂಡಕ್ಕೆ ಬದಲಾಯಿಸಿ, ಮೊದಲ ದಿನದಿಂದ ಸರಿಯಾಗಿ ಮೂರು ತಿಂಗಳಿಗೆ ನರ್ಸರಿಗೆ ತಂದಳು.

"ನಾನೇ ಬೆಳೆಸಿದ್ದು."

ಅವನು ಎಲೆ ಮಗುಚಿ ನೋಡಿದ. ಬುಡ ನೋಡಿದ. ಅವಳ ಮುಖ ನೋಡಿದ.

"ಚೆನ್ನಾಗಿದೆ," ಎಂದ ಅಷ್ಟೇ.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಗಿಡವನ್ನು ಮುಂದಿನ ಬೆಂಚಿನ ಮೇಲಿಟ್ಟು, ಬಂದವರಿಗೆಲ್ಲ ತೋರಿಸಿದಳು. "ನೋಡಿ, ಏನೂ ಗೊತ್ತಿಲ್ಲದೆ ಬಂದೋರು ಹೇಗೆ ಬೆಳೆಸಿದಾರೆ."

ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ. ಹೊರಡುವಾಗ ಅವನು ಹಿಂದೆಯೇ ಬಂದು ಮಡಿಸಿದ ಕಾಗದವೊಂದನ್ನು ಚಾಚಿದ.

"ನಮ್ಮಮ್ಮ ಸಾಕಿದ ಗಿಡದ್ದು. ಎಂಥ ಚಳಿಗೂ ಜಗ್ಗದ ಜಾತಿ. ಅಮ್ಮ ತೀರಿಕೊಂಡ ವರ್ಷವೇ ಅದೂ ಒಣಗಿಹೋಯ್ತು. ಉಳಿದ ಪುಡೀಲಿ ಅರ್ಧ ನಾನು ಬಿತ್ತೀನಿ, ಅರ್ಧ ನೀವು ಬಿತ್ತಿ."

ಆಗಲೇ ಹೇಳಬೇಕಿತ್ತು. ಅವಳು ಕಾಗದ ತೆಗೆದುಕೊಂಡು ಚೀಲದಲ್ಲಿಟ್ಟುಕೊಂಡಳು.

ಆಮೇಲೆ ಪ್ರತಿ ಶನಿವಾರ ಅವಳು ನರ್ಸರಿಗೆ ಬರತೊಡಗಿದಳು. ಅವನು ಗಿಡಗಳ ಚೀಟಿ ಬರೆಯುವನು, ಅವಳು ತಿದ್ದುವಳು.

"ಗುಲಾಬಿಗೆ ಯಾಕ್ರೀ ಇಷ್ಟು ದೊಡ್ಡ ಭ?"

"ಹೂವು ದೊಡ್ಡದು, ಅದಕ್ಕೆ."

ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಆದರೆ ಮುಂದಿನ ಬೆಂಚಿನ ಗಿಡ ಕಣ್ಣಿಗೆ ಬಿದ್ದೊಡನೆ ಆ ನಗು ನಿಲ್ಲುತ್ತಿತ್ತು. ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಇವನಿಗೆ ಇಷ್ಟವಾಗಿರುವುದು ಆ ಗಿಡ ಬೆಳೆಸಿದವಳು. ಅವಳು ನಾನಲ್ಲ...

ಏಳನೆಯ ವಾರ, ಅವನ ಅಮ್ಮನ ಬೀಜಕ ಬಿತ್ತಿದ ಡಬ್ಬಿಯಲ್ಲೂ ಅದೇ ಹಸಿರು ಪೊರೆ.

ಚಮಚ ತೆಗೆದುಕೊಂಡಳು. ಕೈ ಏಳಲಿಲ್ಲ. ಇಟ್ಟುಕೊಳ್ಳುವುದೋ, ಕೆರೆಯುವುದೋ? ಹೇಳಬಲ್ಲವನು ಅವನೊಬ್ಬನೇ. ಆದರೆ ಒಮ್ಮೆ ಬೆಳೆಸಿದವಳು ಈ ಪ್ರಶ್ನೆ ಕೇಳುವುದಿಲ್ಲ.

ಅಚ್ಚುಕೂಟಕ್ಕೆ ಅರ್ಧ ದಿನ ರಜೆ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ಅವನು ಹಿಂದಿನ ನೆರಳು ಚಪ್ಪರದಲ್ಲಿ ಒಬ್ಬನೇ ಕುಂಡಗಳಿಗೆ ಮಣ್ಣು ತುಂಬುತ್ತಿದ್ದ.

"ಆ ಗಿಡ ನಾನು ಬೆಳೆಸಿದ್ದಲ್ಲ. ಕೊಂಡು ತಂದಿದ್ದು. ನಂದು ಪಾಚಿ ಹಿಡೀತು ಅಂತ ಬಿಸಾಕಿದ್ದೆ. ಈಗ ನಿಮ್ಮಮ್ಮಂದೂ ಹಾಗೇ ಆಗಿದೆ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನಂಗೆ. ಇದನ್ನ ಉಳಿಸೋಕಾಗುತ್ತಾ ನೋಡಿ ಸಾಕು. ಆಮೇಲೆ ನಾನು ಬರಲ್ಲ."

ಅವನು ಹಾಳೆ ಸರಿಸಿ, ಡಬ್ಬಿಯನ್ನು ಕಣ್ಣ ಹತ್ತಿರ ಹಿಡಿದ.

"ಪಾಚಿ ಅಲ್ಲ ರೀ ಇದು. ಜರೀಗಿಡ ಮೊದಲು ಹೀಗೇ ಬರೋದು, ಚಿಕ್ಕ ಚಿಕ್ಕ ಹಸಿರು ಬಿಲ್ಲೆ ಥರ. ಮೇಲೆ ನೀರಿನ ಪಸೆ ಇದ್ರೆ ನಿಧಾನಕ್ಕೆ ಎಲೆ ಏಳುತ್ತೆ."

ಹಾಗಾದರೆ ಮೊದಲು ಕೆರೆದು ಎಸೆದದ್ದೂ ಜೀವಂತವೇ... ಅವಳ ಕಣ್ಣು ತುಂಬಿತು.

"ಇನ್ನೊಂದು ಮಾತು. ನಂಗೆ ಅವತ್ತೇ ಗೊತ್ತಿತ್ತು," ಎಂದ ಅವನು. "ಮೂರು ತಿಂಗಳಿಗೆ ಗೇಣುದ್ದ ಗಿಡ ಯಾರಿಗೂ ಬರಲ್ಲ. ಅದೂ ಅಲ್ಲದೆ ಅದು ನಾನೇ ಬೆಳೆಸಿ ಊರಾಚೆ ತುದಿ ಅಂಗಡಿಗೆ ಹಾಕಿದ ಗಿಡ, ನೋಡಿದ ಕೂಡಲೇ ಗುರುತು ಸಿಕ್ತು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಅದರ ಹಿಂದೆಯೇ ಸಿಟ್ಟೂ ಬಂತು.

"ಗೊತ್ತಿದ್ದೂ ಸುಮ್ಮನಿದ್ರಾ? ಒಂದೊಂದು ಶನಿವಾರ ಹೇಗೆ ಕಳೆದೆ ಗೊತ್ತಾ?"

ಅವನು ತಲೆ ತಗ್ಗಿಸಿದ.

"ಮೊದಲ ದಿನ ಎಲ್ಲರ ಜೊತೆ ಸೇರಿ ನಾನೂ ನಕ್ಕೆ. ಪೊಟ್ಟಣದ ಮೇಲೆ ಒಂದು ಸಾಲು ಬರೀದೇ ಇದ್ದಿದ್ದು ನನ್ನ ತಪ್ಪು. ಮತ್ತೊಂದು ಸಲ ನಿಮ್ಮನ್ನ ಹಾಗೆ ನಿಲ್ಲಿಸೋಕೆ ಮನಸ್ಸಾಗಲಿಲ್ಲ. ಆಮೇಲೆ... ಹೇಳಿದ್ರೆ ನೀವು ಬರೋದೇ ನಿಲ್ಲಿಸಿಬಿಡ್ತೀರಿ ಅನ್ನೋ ಭಯ."

"ಸುಳ್ಳು ಹೇಳಿದೋಳ ಕೈಗೆ ಅಮ್ಮನ ಬೀಜಕ ಕೊಡ್ತಾರಾ ಯಾರಾದ್ರೂ?"

"ಸೋಲು ಒಪ್ಪದೋರು ಬೆಳೆಸೇ ಬೆಳೆಸ್ತಾರೆ ಅನ್ನಿಸ್ತು. ಮತ್ತೆ ನಾನೇನು ಸಾಚಾನಾ? ನಂದೂ ಚೆನ್ನಾಗಿ ಬರ್ತಿದೆ ಅಂತ ಪ್ರತಿ ವಾರ ಹೇಳ್ತಿದ್ದೆನಲ್ಲ... ಮೂರನೇ ವಾರಕ್ಕೇ ಬೂಷ್ಟು ಹಿಡಿದು ಹೋಯ್ತು. ನರ್ಸರಿ ಇಟ್ಟುಕೊಂಡು ಹೇಗೆ ಹೇಳಲಿ?"

ಅವನ ಅಮ್ಮನ ಗಿಡದ ಪೈಕಿ ಉಳಿದದ್ದು ಆ ಡಬ್ಬಿಯೊಂದೇ. ಅವಳು ಅಳುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಗಲ್ಲಾದ ಕಡೆ ತಿರುಗಿದಳು.

"ಅಕ್ಕನಿಗೆ ನಾನೇ ಹೇಳಿ ಬರ್ತೀನಿ."

ಹೇಳಿಯೂ ಹೇಳಿದಳು. ಗಿರಾಕಿಗಳು ಕೇಳಿಸಿಕೊಂಡರು. ಅಕ್ಕ ಬೆರಗಾಗಿ ನೋಡಿದಳೇ ಹೊರತು ಈ ಸಲ ನಗಲಿಲ್ಲ.

ಮರಳಿ ಬಂದಾಗ ಅವನು ಡಬ್ಬಿಗೆ ತುಂತುರು ನೀರು ಚಿಮುಕಿಸಿ ಹಾಳೆ ಮುಚ್ಚಿದ್ದ.

"ಇಲ್ಲೇ ಬಿಟ್ಟು ಹೋಗ್ತೀರಾ?"

"ಇಲ್ಲ. ನಮ್ಮ ಕಿಟಕಿ ಅದಕ್ಕೆ ಹಿಡಿಸಿದೆ."

"ನಂಗೆ ನೋಡಬೇಕು ಅನ್ನಿಸಿದ್ರೆ?"

"ಮನೆಗೆ ಬನ್ನಿ."

"ನಿಮ್ಮಮ್ಮ ಯಾಕೆ ಬಂದ್ರಿ ಅಂತ ಕೇಳಿದ್ರೆ?"

"ನಿಜ ಹೇಳಿ. ಇನ್ನು ಸುಳ್ಳು ಬೇಡ."

"ಹಾಗಾದ್ರೆ ಗಿಡ ನೋಡೋಕೆ ಬಂದೆ ಅನ್ನೋಕಾಗಲ್ಲ," ಎಂದ ಅವನು, ಮೆಲ್ಲಗೆ. "ನಿಮ್ಮನ್ನ ನೋಡೋಕೆ ಬಂದೆ ಅನ್ನಬೇಕಾಗುತ್ತೆ."

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

"ಭಾನುವಾರ ಬನ್ನಿ," ಎಂದಳು. "ಅಮ್ಮ ಮನೇಲಿರ್ತಾರೆ."