ಬಿಸಿಗೆ ಅಳಿದ ಅಂಕಿಗಳು

ಈಗಲೇ ಹೇಳಿಬಿಡಲೇ? ಅಕ್ಕ ಎದುರಿಗೇ ಕೂತಿದ್ದಾಳೆ, ಅವಳು ಹೋದ ಮೇಲೆ ಹೇಳಿದರಾಯಿತು. ಆದರೆ ಹೋಗುವಾಗ ಅವಳು ಚೌಕಗಳನ್ನೆಲ್ಲ ಗಂಟು ಕಟ್ಟಿ ಒಯ್ದರೆ, ಆಮೇಲೆ ಹೇಳಿ ಏನು ಬಂತು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ... ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅವನು ಹೀಗೇ ಲೆಕ್ಕ ಹಾಕುತ್ತಿದ್ದ. ನಡುಮನೆಯ ನೆಲದ ಮೇಲೆ ಅವನ ಹೆಂಡತಿ ಮಂಡಿಯೂರಿ ಕೂತು, ನಲವತ್ತೆರಡು ಬಟ್ಟೆಯ ಚೌಕಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು.

ಮೂರು ವರ್ಷ ಕೂತು ಅಮ್ಮ ಹೊಲಿದ ಚೌಕಗಳು ಅವು. ಸತ್ತ ಗಂಡನ ಅಂಗಿ, ಮಕ್ಕಳ ಹಳೆಯ ಸಮವಸ್ತ್ರ, ತನ್ನದೇ ಹರಿದ ಸೀರೆಯ ಅಂಚು ಎಲ್ಲ ಅದರಲ್ಲಿದ್ದವು. ಆರರಂತೆ ಏಳು ಸಾಲು ಕೂಡಿಸಿದರೆ ಒಂದು ಕೌದಿ. ಸೂಜಿಗೆ ದಾರ ಪೋಣಿಸಿ ಕೊಟ್ಟವಳು, ಅಂಚು ಕತ್ತರಿಸಿ ಕೊಟ್ಟವಳು ಸೊಸೆ. ಕಣ್ಣಿಗೆ ಪೊರೆ ಕವಿಯುತ್ತಿದೆ ಎಂದು ತಿಳಿದ ದಿನದಿಂದ ಅಮ್ಮ ಪ್ರತಿ ಚೌಕದ ಬೆನ್ನಿಗೂ ಅದು ಯಾವ ಸಾಲು, ಎಷ್ಟನೆಯದು ಎಂದು ಚಾಕ್‌ನಿಂದ ಅಂಕಿ ಬರೆದಿಟ್ಟಿದ್ದಳು. ಈಗ ಕಣ್ಣಿಗೆ ಕಾಣುವುದು ಬೆಳಕು, ಕತ್ತಲೆ ಎರಡೇ. ಮೊದಲ ಸಾಲು ನೆನಪಿನಲ್ಲಿತ್ತು. ಉಳಿದದ್ದು ಆ ಅಂಕಿಗಳಲ್ಲಿತ್ತು.

“ಎರಡನೇ ಸಾಲಿನ ಮೊದಲನೇದು ಸಿಕ್ತಾ?”

“ಯಾವುದರ ಮೇಲೂ ಏನೂ ಇಲ್ಲ ಅತ್ತೆ.”

“ನಲವತ್ತೆರಡರಲ್ಲಿ ಒಂದರ ಮೇಲೂ ಇಲ್ವಾ? ಅಂಕಿಗಳೇನು ಕೈ ಕೈ ಹಿಡ್ಕೊಂಡು ಬೀದಿ ಸುತ್ತೋಕೆ ಹೋದವಾ?”

ಅಕ್ಕ ನಕ್ಕಳು. ಅವಳ ಮನೆ ಮೂರು ಬೀದಿಯಾಚೆ. ಎಲ್ಲಿ ಹೊಗೆಯಾಡಿದರೂ ಅವಳಿಗೆ ಮೊದಲು ವಾಸನೆ ಬರುತ್ತಿತ್ತು. “ಅಮ್ಮನ ಕಣ್ಣು ಮಂಜಾಗಿದೆ ಕಣಮ್ಮ, ಬುದ್ಧಿ ಮಂಜಾಗಿಲ್ಲ. ಅದು ಗೊತ್ತಿರ್ಲಿ ನಿನಗೆ.”

ಸೊಸೆ ಗಾಢ ಬಣ್ಣದವನ್ನು ಅಂಚಿಗೂ ತಿಳಿಯವನ್ನು ನಡುವಿಗೂ ಇಟ್ಟು ಒಂದು ಜೋಡಣೆ ಮಾಡಿದಳು. ಅಮ್ಮ ಕುರ್ಚಿಯಿಂದ ಇಳಿದು ಬಂದು ಅಂಗೈಯಿಂದ ಸಾಲುಗಳನ್ನು ಸವರಿದಳು.

“ಇದೇನು ಕೌದಿನೋ, ಸಂತೆಯಲ್ಲಿ ಹರವಿದ ಚಿಂದಿನೋ? ಯಜಮಾನರ ಅಂಗಿ ಪಕ್ಕ ಬಾಗಿಲ ಪರದೆ ತುಂಡು. ಇದನ್ನ ಹೊದ್ಕೊಂಡ್ರೆ ನಿದ್ದೆ ಬರಲ್ಲ, ತಲೆ ಸುತ್ತು ಬರುತ್ತೆ.”

ಸೊಸೆ ಎಲ್ಲವನ್ನೂ ತೆಗೆದು, ಓರೆಯಾಗಿ ಬಣ್ಣ ಇಳಿಯುವಂತೆ ಇನ್ನೊಂದು ಹಾಕಿದಳು. ಅಮ್ಮ ಎರಡು ಚೌಕ ಮುಟ್ಟಿ ಕೈ ಒದರಿದಳು. “ಹೋಗ್ಲಿ ಬಿಡು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.”

ಚಾಕ್ ತಂದುಕೊಟ್ಟವನು ಅವನು. ಅಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವನದು. ಮಾತೇ ಆಡದವನೆಂದು ಅಲ್ಲಿ ಎಲ್ಲರೂ ಅವನನ್ನು ‘ಗೋಡೆ’ ಎಂದು ಕರೆಯುತ್ತಿದ್ದರು. ಅಲ್ಲಿನ ಚಾಕ್ ಬೇರೆ ಬಗೆಯದು. ಬಿಸಿ ಇಸ್ತ್ರಿ ತಾಗಿದರೆ ಗೆರೆ ಮಾಯ, ಹೊಲಿದ ಅಂಗಿಯ ಮೇಲೆ ಗುರುತು ಉಳಿಯಬಾರದಲ್ಲ. ಅಂಕಿ ಬರೆಯಲು ಅಮ್ಮ ಚಾಕ್ ಕೇಳಿದಾಗ ಅದನ್ನೇ ನಾಲ್ಕು ತುಂಡು ಜೇಬಿಗೆ ಹಾಕಿಕೊಂಡು ಬಂದ. ಅದರ ಗುಣ ಹೇಳಬೇಕೆಂದುಕೊಂಡ, ಹೇಳಲಿಲ್ಲ. ಹೋದ ಭಾನುವಾರ ಅಮ್ಮ ಅಕ್ಕನ ಜೊತೆ ಕಣ್ಣಾಸ್ಪತ್ರೆಗೂ ಹೆಂಡತಿ ಸಂತೆಗೂ ಹೋಗಿದ್ದಾಗ, ಇದ್ದಕ್ಕಿದ್ದಂತೆ ಮಾತೃಪ್ರೇಮ ಉಕ್ಕಿ, ನಲವತ್ತೆರಡಕ್ಕೂ ಇಸ್ತ್ರಿ ಹಾಕಿ ಅಚ್ಚುಕಟ್ಟಾಗಿ ಅಡಕಿಟ್ಟ. ಹದಿನೈದು ವರ್ಷ ಅದೇ ಚಾಕ್ ಹಿಡಿದು ಅನ್ನ ತಿಂದ ಮಹಾಶಯನಿಗೆ ಆ ಹೊತ್ತಿನಲ್ಲಿ ಅದು ಹೊಳೆಯಲೇ ಇಲ್ಲ.

ಆ ಸಂಜೆ ಅಮ್ಮ ಚೌಕಗಳ ಅಟ್ಟಿಯನ್ನು ಸವರಿ, “ಪರವಾಗಿಲ್ಲವೇ, ಒಂದು ಕೆಲಸನಾದ್ರೂ ನೆಟ್ಟಗೆ ಮಾಡಿದೀಯ,” ಎಂದು ಸೊಸೆಗೆ ಹೇಳಿದ್ದಳು. ಮೂರು ವರ್ಷದಲ್ಲಿ ಅದೇ ಮೊದಲ ಮೆಚ್ಚುಗೆ. ಸೊಸೆ ಗಂಡನ ಮುಖ ನೋಡಿದಳು. ಅವನು ಸುಮ್ಮನಿದ್ದ, ಅವಳೂ ಸುಮ್ಮನಾದಳು. ಹೆಂಡತಿಗೆ ಒಂದು ಒಳ್ಳೆಯ ಮಾತು ದಾನ ಮಾಡಿದೆ ಎಂದು ಅವನು ಒಳಗೊಳಗೇ ಬೀಗಿದ್ದ.

ಈಗ ಆ ಮೆಚ್ಚುಗೆಯೇ ಉರುಳಾಗಿ ಬಂತು.

“ಇಸ್ತ್ರಿ ಮಾಡಿದವಳು ನೀನು,” ಎಂದಳು ಅಮ್ಮ. “ಹಿಂದೆ ಮುಂದೆ ತಿರುಗಿಸಿ ನೋಡಿದವಳು ನೀನೊಬ್ಬಳೇ. ನಾನು ಹಾಕಿದ ಸಾಲು ನಿನಗೆ ಹಿಡಿಸ್ಲಿಲ್ಲ, ಒರೆಸಿ ಹಾಕ್ದೆ. ಕುರುಡಿಗೇನು ಕಾಣುತ್ತೆ ಅಂದ್ಕೊಂಡೆ.”

“ಅತ್ತೆ... ಹಾಗಲ್ಲ...”

“ಮಾಡಿದ್ದನ್ನ ಒಪ್ಕೋ, ಚೌಕ ಇಲ್ಲೇ ಇರ್ತವೆ. ಸುಳ್ಳಿಗೆ ಸುಳ್ಳು ಪೋಣಿಸಿದ್ರೆ ಇವತ್ತೇ ನನ್ನ ಮಗಳ ಮನೆಗೆ ಹೋಗ್ತವೆ. ಸೂಜಿ ಮುಟ್ಟೋ ಯೋಗ್ಯತೆ ಇಲ್ಲ ನಿನಗೆ.”

ಅಕ್ಕ ಆಗಲೇ ಹಾಸುಬಟ್ಟೆ ಬಿಡಿಸಿ, ಮೊದಲ ಸಾಲನ್ನು ಬಳಿದು ಅದರೊಳಗೆ ಹಾಕಿದಳು. “ಏನೋ ತಮ್ಮ, ನಿನಗೇನಾದ್ರೂ ಹೇಳೋಕಿದ್ಯಾ?”

ಅವನು ಚೌಕಟ್ಟಿನ ಇನ್ನೊಂದು ಬದಿಗೆ ಸರಿದು ಒರಗಿದ. “ನೀವು ನೀವೇ ಮಾತಾಡ್ಕೊಳ್ಳಿ,” ಎಂದ.

ಸೊಸೆ ಹೊಲಿಗೆ ಪೆಟ್ಟಿಗೆಯೊಳಗಿನ ಚಾಕ್ ತುಂಡನ್ನು ನೋಡಿದಳು. ಮೇಜಿನ ಮೇಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತವನನ್ನು, ಚಪ್ಪಲಿಗೆ ಮೆತ್ತಿದ ಕೆಸರನ್ನು ನೋಡುವಂತೆ, ಒಂದು ಕ್ಷಣ ನೋಡಿದಳು.

“ಹೌದು ಅತ್ತೆ, ನಾನೇ ಒರೆಸ್ದೆ. ನನಗೆ ತೋಚಿದ ಹಾಗೆ ಜೋಡಿಸ್ಬೇಕು ಅನ್ನಿಸ್ತು.”

ಅಮ್ಮನ ಪೊರೆ ಕವಿದ ಕಣ್ಣಿನಿಂದ ನೀರು ತಾನಾಗಿ ಇಳಿಯಿತು. “ಜೋಡ್ಸು,” ಎಂದಳು. “ನಾನು ಮಾತ್ರ ಅದನ್ನ ಹೊದೆಯಲ್ಲ.”

ಅಡುಗೆಮನೆಯಲ್ಲಿ ಅವನು ಹೆಂಡತಿಯ ಹತ್ತಿರ ಹೋಗಿ ಪಿಸುಗುಟ್ಟಿದ. “ಸಮಯ ನೋಡಿ ಹೇಳೋಣ ಅಂತಿದ್ದೆ...”

ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಲಿಲ್ಲ. “ನಿಮಗೋಸ್ಕರ ಹೇಳ್ದೆ ಅಂತ ಉಬ್ಬಬೇಡಿ. ಆ ಚೌಕಕ್ಕೋಸ್ಕರ ಹೇಳ್ದೆ. ಕಾರ್ಖಾನೇಲಿ ನಿಮ್ಮನ್ನ ಗೋಡೆ ಅಂತಾರಂತೆ. ಪಾಪ, ಗೋಡೆ ಮೇಲೆ ಬರೆದಿದ್ದಾದ್ರೂ ಉಳಿಯುತ್ತೆ.”

ಎರಡು ತಿಂಗಳಲ್ಲಿ ಕೌದಿ ಮುಗಿಯಿತು. ಮಡಿಚಿ ಅಮ್ಮನ ಹಾಸಿಗೆಯ ಕಾಲ ಬಳಿ ಇಟ್ಟದ್ದು ಅಲ್ಲೇ ಇತ್ತು. ಒಂದು ಚಳಿಯ ಬೆಳಿಗ್ಗೆ, ಜ್ವರದಿಂದ ನಡುಗುತ್ತಿದ್ದ ಅಮ್ಮನಿಗೆ ಸೊಸೆ ಕೇಳದೆಯೇ ಅದನ್ನು ಹೊದಿಸಿದಳು. ಅಮ್ಮ ತಳ್ಳಲು ಕೈ ಎತ್ತಿದಳು. ಕೆನ್ನೆಯ ಬಳಿ ಬಂದ ಕೊನೆಯ ಸಾಲಿನ ಮೂಲೆ ಬೆರಳಿಗೆ ತಾಗಿತು. ಗಂಡನ ಅಂಗಿಯ ದಪ್ಪ ನೂಲು. ಬೆರಳು ಅಲ್ಲೇ ನಿಂತಿತು.

“ಇದು ಇಲ್ಲಿ ಬರ್ಬೇಕು ಅಂತ ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ ಅತ್ತೆ.”

“ಕಳ್ಳಿ,” ಎಂದು ಅಮ್ಮ ಕೌದಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಇನ್ನೊಂದು ಕೈಯಿಂದ ಸೊಸೆಯ ಸೆರಗು ತಡಕಿ ಹಿಡಿದಳು.

ಹನ್ನೊಂದು ದಿನ ಆ ಕೌದಿಯ ಕೆಳಗೇ ಮಲಗಿ ಅಮ್ಮ ಕಣ್ಣು ಮುಚ್ಚಿದಳು. ಅಕ್ಕ ಇಂದಿಗೂ ಬಂದವರಿಗೆಲ್ಲ ಅದನ್ನು ತೋರಿಸಿ, ಅಮ್ಮ ಬರೆದಿಟ್ಟ ಸಾಲನ್ನು ಈ ಸೊಸೆ ಹೇಗೆ ಒರೆಸಿದಳೆಂದು ಹೇಳುತ್ತಾಳೆ. ಅವನು ಆಗಲೂ ಬಾಗಿಲಲ್ಲೇ ನಿಂತಿರುತ್ತಾನೆ.

ಇಸ್ತ್ರಿ ಮಾಡಿದ್ದು ನಾನು ಎಂದು ಅವನು ಯಾವತ್ತೂ ಹೇಳಲಿಲ್ಲ.